ಕಾಡಿನ ಹೂಗಿಡ ಬೆಂಗಳೂರಲ್ಲಿ ಸೊರಗಿದರೆ: ಕಾರಣ ಹುಡುಕುವ ದಾರಿ

ಗಿಡ ಸ್ವಲ್ಪ ಬಾಡಿದರೆ ಸಾಕು, ನಮ್ಮ ಕೈ ಮೊದಲು ನೀರಿನ ಮಗ್ಗಿಗೆ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಗೊಬ್ಬರದ ಡಬ್ಬಕ್ಕೆ. ದಾಸವಾಳ, ಗುಲಾಬಿಗೆ ಇದು ಹೇಗೋ ನಡೆಯುತ್ತದೆ. ಕಾಡಿನ ಮರಗಳ ಕೆಳಗೆ ಬೆಳೆಯುವ ಹೂಗಿಡಗಳಿಗೆ ನಡೆಯುವುದಿಲ್ಲ. ಇವುಗಳಲ್ಲಿ ಬಹಳಷ್ಟು ವರ್ಷದಲ್ಲಿ ಕೆಲವು ತಿಂಗಳು ಮಣ್ಣಿನೊಳಗೆ ಮಲಗಿಬಿಡುತ್ತವೆ, ಆ ಹೊತ್ತಲ್ಲಿ ನೀರು ಸುರಿದರೆ ಗೆಡ್ಡೆ ಕೊಳೆಯುತ್ತದೆ. ಇನ್ನು ಕೆಲವಕ್ಕೆ ಮಲಗುವ ಅಭ್ಯಾಸವೇ ಇಲ್ಲ, ಅವನ್ನು ಪೂರ್ತಿ ಒಣಗಿಸಿದರೆ ಬೇರು ಸಾಯುತ್ತದೆ. ಬೆಂಗಳೂರಲ್ಲಿ ನಾನು ನೋಡಿರುವ ತೊಂದರೆಗಳಲ್ಲಿ ಹೆಚ್ಚಿನವು ರೋಗವೂ ಅಲ್ಲ, ಹುಳವೂ ಅಲ್ಲ. ಗಿಡದ ಕ್ಯಾಲೆಂಡರ್ ಒಂದು, ನಮ್ಮೂರಿನ ಕ್ಯಾಲೆಂಡರ್ ಇನ್ನೊಂದು, ಅಷ್ಟೇ. ಆದ್ದರಿಂದ ಏನೇ ಲಕ್ಷಣ ಕಂಡರೂ ಮೊದಲು ಕೇಳಬೇಕಾದ್ದು ಇದು: ಈ ಗಿಡ ಯಾವ ಕಾಡಿನದು, ಅಲ್ಲಿ ಅದು ಯಾವಾಗ ಮಲಗುತ್ತದೆ?

ಮೊದಲು ಗಿಡದ ಊರು ಗೊತ್ತುಮಾಡಿಕೊಳ್ಳಿ

ಮೂರು ಗುಂಪು ಮಾಡಿಕೊಂಡರೆ ಸಾಕು.

ಒಂದು, ಹಿಮ ಬೀಳುವ ಕಾಡಿನವು. ಉತ್ತರ ಅಮೆರಿಕದ ಟ್ರಿಲಿಯಂ ಮತ್ತು ಬ್ಲಡ್‌ರೂಟ್, ಇಂಗ್ಲೆಂಡಿನ ಬ್ಲೂಬೆಲ್, ಯುರೋಪಿನ ಸ್ನೋಡ್ರಾಪ್ ಈ ಗುಂಪಿಗೆ ಸೇರಿದವು. ಅಲ್ಲಿ ಚಳಿಗಾಲದಲ್ಲಿ ಮರಗಳು ಬೋಳಾಗಿರುತ್ತವೆ. ಚಳಿ ಕಡಿಮೆಯಾಗುತ್ತಾ ಬಂದು, ಮರ ಪೂರ್ತಿ ಚಿಗುರುವ ಮೊದಲು, ಕೆಲವು ವಾರ ಮಾತ್ರ ನೆಲದವರೆಗೆ ಬಿಸಿಲು ಇಳಿಯುತ್ತದೆ. ಆ ಸಂದಿಯಲ್ಲೇ ಇವು ಎದ್ದು, ಹೂಬಿಟ್ಟು, ಗೆಡ್ಡೆಗೆ ಊಟ ತುಂಬಿಕೊಳ್ಳಲು ಶುರುಮಾಡುತ್ತವೆ. ಕೆಲವು ಬೇಗನೆ, ಕೆಲವು ಬೇಸಿಗೆಯ ಕೊನೆಗೆ ಮತ್ತೆ ಮಲಗಿಬಿಡುತ್ತವೆ. ಮತ್ತೆ ಏಳಬೇಕಾದರೆ ಸುಮಾರು ಮೂರು ತಿಂಗಳು 5 ಡಿಗ್ರಿ ಆಸುಪಾಸಿನ ಚಳಿ ಬೇಕು. ನಮ್ಮಲ್ಲಿ ಡಿಸೆಂಬರ್-ಜನವರಿಯ ರಾತ್ರಿ ಸರಾಸರಿ 15-16 ಡಿಗ್ರಿ ಇರುತ್ತದೆ. ಬೆಂಗಳೂರಿನ ದಾಖಲೆ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ನಮ್ಮ ಅತಿ ಚಳಿಯ ರಾತ್ರಿ ಕೂಡ ಇವುಗಳ ಪಾಲಿಗೆ ಚಳಿಯೇ ಅಲ್ಲ.

ಎರಡು, ಮಳೆಗಾಲಕ್ಕೆ ಎದ್ದು ಒಣಗಾಲಕ್ಕೆ ಮಲಗುವ ಕಾಡಿನವು. ಆಫ್ರಿಕಾದ ಸ್ಕಾಡೋಕ್ಸಸ್ (ನರ್ಸರಿಯಲ್ಲಿ ಫುಟ್‌ಬಾಲ್ ಲಿಲಿ ಅಂತ ಕೇಳಿ), ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಅಕಿಮಿನಿಸ್, ನಮ್ಮ ಕಡೆಯದೇ ಆದ ನೆಲಸಂಪಿಗೆ ಮತ್ತು ಅಗ್ನಿಶಿಖೆ. ಇವುಗಳಿಗೆ ಬೆಂಗಳೂರು ಹೇಳಿ ಮಾಡಿಸಿದ ಊರು.

ಮೂರು, ವರ್ಷಪೂರ್ತಿ ಹಸಿರಾಗಿರುವವು. ಟಾಂಜಾನಿಯಾದ ಉಸಂಬರಾ ಬೆಟ್ಟಗಳ ಆಫ್ರಿಕನ್ ವಯೊಲೆಟ್, ಅಮೆಜಾನ್ ಕಡೆಯ ಯೂಕ್ಯಾರಿಸ್, ದಕ್ಷಿಣ ಆಫ್ರಿಕಾದ ಕ್ಲೈವಿಯಾ, ಗೆಡ್ಡೆಯಿಲ್ಲದ ಕಾಡು ಬಿಗೋನಿಯಾಗಳು. ಇವು ಎಲೆ ಉದುರಿಸಿ ಮಲಗುವ ಗಿಡಗಳಲ್ಲ. ಹಾಗಾಗಿ ಕ್ಲೈವಿಯಾದ ಎಲೆಯೆಲ್ಲ ಒಂದೇ ಸಲ ಹೋಗುತ್ತಿದ್ದರೆ "ಮಲಗಿರಬೇಕು" ಅಂತ ಸುಮ್ನೆ ಕೂರಬೇಡಿ, ಅವತ್ತೇ ಬೇರು ನೋಡಿ.

ಬೀಜ ಮೊಳೆಯುತ್ತಿಲ್ಲ

ಪ್ಯಾಕೆಟ್‌ನಲ್ಲಿ ಉಳಿದಿರುವ ಬೀಜಗಳಲ್ಲಿ ಒಂದೆರಡನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿ ನೋಡಿ. ಒಳಗೆ ಬೆಳ್ಳಗೆ ಗಟ್ಟಿಯಾಗಿದ್ದರೆ ಜೀವ ಇರಬಹುದು. ಕಂದು ಬಣ್ಣ, ಪುಡಿಪುಡಿ, ಇಲ್ಲವೇ ಪೊಳ್ಳು ಇದ್ದರೆ ಎಷ್ಟು ನೀರು ಹಾಕಿದರೂ ಪ್ರಯೋಜನವಿಲ್ಲ. ನೀರಿನಲ್ಲಿ ತೇಲಿದರೆ ಪೊಳ್ಳು, ಮುಳುಗಿದರೆ ಗಟ್ಟಿ ಅನ್ನುವ ಪರೀಕ್ಷೆಯನ್ನು ಕಾಡಿನ ಬೀಜಗಳ ಮಟ್ಟಿಗೆ ನಾನು ನಂಬುವುದಿಲ್ಲ.

ಟ್ರಿಲಿಯಂ, ಬ್ಲಡ್‌ರೂಟ್, ಸ್ನೋಡ್ರಾಪ್‌ನಂಥ ಗಿಡಗಳ ಬೀಜ ಹಣ್ಣಿನಿಂದ ಬಿದ್ದ ಕೂಡಲೇ ಒದ್ದೆ ಎಲೆಗಳ ಕೆಳಗೆ ಸೇರಬೇಕು. ಇರುವೆಗಳು ಬೀಜದ ತುದಿಯಲ್ಲಿರುವ ಎಣ್ಣೆಯಂಶದ ತುಣುಕಿನ ಆಸೆಗೆ ಅವನ್ನು ಗೂಡಿಗೆ ಎಳೆದುಕೊಂಡು ಹೋಗುತ್ತವೆ, ಹಾಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತವೆ. ಇಂಥ ಬೀಜವನ್ನು ತಿಂಗಳುಗಟ್ಟಲೆ ಒಣಗಿಸಿ ಪ್ಯಾಕೆಟ್ ಮಾಡಿ ಮಾರಿದರೆ ಬಹುಪಾಲು ಸತ್ತಿರುತ್ತದೆ, ಇಲ್ಲವೇ ಗಾಢ ನಿದ್ದೆಗೆ ಹೋಗಿರುತ್ತದೆ. ಟ್ರಿಲಿಯಂ ಅಂತೂ ಮೊದಲ ಚಳಿಗಾಲ ಕಳೆದ ಮೇಲೆ ಬೇರು ಬಿಡುತ್ತದೆ, ಎರಡನೇ ಚಳಿಗಾಲ ಕಳೆದ ಮೇಲೆ ಎಲೆ. ಹೂವಿಗೆ ಏಳು ವರ್ಷದ ಆಸುಪಾಸು. ಎರಡು ಚಳಿಗಾಲವನ್ನು ಫ್ರಿಜ್‌ನಲ್ಲಿ ಕೊಟ್ಟು ಎಲೆ ತರಿಸಿದರೂ ಮುಂದೆ ಪ್ರತಿ ವರ್ಷ ಆ ಚಳಿ ಕೊಡುತ್ತಲೇ ಇರಬೇಕು. ನನ್ನ ಕೇಳಿದರೆ ಬೆಂಗಳೂರಿಗೆ ಇದು ಬೇಡ. ಬಿಡಲು ಬೇಸರ ಆಗುತ್ತದೆ, ಅದರ ಮೂರು ಎಲೆ ಮೂರು ಎಸಳು ಅಷ್ಟು ಚೆಂದ. ಆದರೆ ಆ ಜಾಗದಲ್ಲಿ ನೆಲಸಂಪಿಗೆ ನೆಟ್ಟರೆ ನಿಜವಾಗಲೂ ಹೂ ನೋಡುತ್ತೀರಿ.

ಬೀಜ ಚೆನ್ನಾಗಿದ್ದೂ ಮೊಳೆಯದಿದ್ದರೆ ಬಿತ್ತಿದ ಆಳ ನೋಡಿ. ಬಿಗೋನಿಯಾ, ಸ್ಟ್ರೆಪ್ಟೋಕಾರ್ಪಸ್, ಆಫ್ರಿಕನ್ ವಯೊಲೆಟ್ ಬೀಜ ಧೂಳಿನಷ್ಟು ಸಣ್ಣದು, ಅವಕ್ಕೆ ಬೆಳಕು ಬೇಕು, ಮೇಲೆ ಮಣ್ಣು ಮುಚ್ಚಲೇಬಾರದು. ಸೈಕ್ಲಮೆನ್‌ಗೆ ಉಲ್ಟಾ. ಕತ್ತಲೆ ಬೇಕು, 15-18 ಡಿಗ್ರಿ ತಂಪು ಬೇಕು. ಅದನ್ನು ಮಾರ್ಚಿನಲ್ಲಿ ಬಿತ್ತಿ ಕಾದರೆ ಏನೂ ಬರುವುದಿಲ್ಲ, ನವೆಂಬರ್ ಕೊನೆಗೆ ಬಿತ್ತಿ.

ಮೊಳೆತ ಸಸಿ ಬುಡ ತೆಳ್ಳಗಾಗಿ ಒಂದೊಂದೇ ಅಡ್ಡ ಬೀಳುತ್ತಿದ್ದರೆ ಅದು ಬುಡ ಕೊಳೆಯುವ ಶಿಲೀಂಧ್ರದ ಕೆಲಸ. ಬಿದ್ದವನ್ನು ಉಳಿಸಲು ಆಗುವುದಿಲ್ಲ. ಟ್ರೇ ಮೇಲಿನ ಮುಚ್ಚಳ ತೆಗೆದು ಗಾಳಿ ಆಡಲು ಬಿಡಿ, ನೀರನ್ನು ಮೇಲಿಂದ ಹಾಕದೆ ತಳದಿಂದ ಹೀರಲು ಬಿಡಿ, ಉಳಿದವು ಬದುಕಿಕೊಳ್ಳುತ್ತವೆ. ಟ್ರೇಯಲ್ಲಿ ಬೀಜವೇ ಕಾಣುತ್ತಿಲ್ಲವಾದರೆ ಇರುವೆ ಸಾಲು ಹುಡುಕಿ. ಟ್ರೇಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆ ಮೇಲೆ ಕೂರಿಸಿದರೆ ಸಾಕು.

ವಿದೇಶದಿಂದ ಬೀಜ, ಗೆಡ್ಡೆ ತರಿಸುವವರಿಗೆ ಒಂದು ಮಾತು. 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಲಕೋಟೆಯಲ್ಲಿ ಸುಮ್ನೆ ಬಂದದ್ದನ್ನು ಬಿತ್ತಬೇಡಿ. ಅದರ ಜೊತೆ ಬರುವ ಕಳೆ, ರೋಗ ನಮ್ಮ ಮನೆಯಲ್ಲಿ ನಿಲ್ಲುವುದಿಲ್ಲ.

ಎಲೆಯೇ ಇಲ್ಲ: ಮಲಗಿದೆಯಾ, ಸತ್ತಿದೆಯಾ?

ಅತಿ ಹೆಚ್ಚು ಗಿಡ ಕಸದ ಬುಟ್ಟಿ ಸೇರುವುದು ಇಲ್ಲೇ. ನವೆಂಬರ್-ಡಿಸೆಂಬರ್‌ನಲ್ಲಿ ಸ್ಕಾಡೋಕ್ಸಸ್ ಎಲೆ ಹಳದಿಯಾಗಿ ಮಲಗುತ್ತದೆ, ನೆಲಸಂಪಿಗೆಯ ಎಲೆ ಒಣಗಿ ಕೈಗೆ ಬರುತ್ತದೆ, ಅಕಿಮಿನಿಸ್ ಪೂರ್ತಿ ಮಾಯವಾಗುತ್ತದೆ. ಗಿಡ ಹೋಯಿತು ಅಂದುಕೊಂಡು ಕುಂಡದ ಮಣ್ಣನ್ನು ಬೇರೆ ಗಿಡಕ್ಕೆ ಹಾಕಿಬಿಡುತ್ತಾರೆ.

ಪರೀಕ್ಷೆ ಸುಲಭ. ಗಿಡ ಕೀಳಬೇಡಿ. ಕುಂಡದ ಒಂದು ಬದಿಯ ಮಣ್ಣನ್ನು ಚಮಚದಿಂದ ಮೆಲ್ಲಗೆ ಬಿಡಿಸಿ ಗೆಡ್ಡೆ ಕಾಣುವಂತೆ ಮಾಡಿ, ಹೆಬ್ಬೆರಳಿನಿಂದ ಒತ್ತಿ. ಹೊಸ ಈರುಳ್ಳಿಯಂತೆ ಗಟ್ಟಿಯಾಗಿದ್ದರೆ ನಿದ್ದೆ. ಮೆತ್ತಗಾಗಿ ನಾತ ಬಂದರೆ ಕೊಳೆತಿದೆ. ಸಿಪ್ಪೆ ಮಾತ್ರ ಉಳಿದು ಒಳಗೆ ಟೊಳ್ಳಾಗಿದ್ದರೆ ಒಣಗಿ ಸತ್ತಿದೆ. ಅಕಿಮಿನಿಸ್ ಗೆಡ್ಡೆ ಪೈನ್ ಕಾಯಿಯ ಆಕಾರದ ಪುಟ್ಟ ತುಂಡು, ಒತ್ತಲು ಹೋಗಬೇಡಿ, ಮುರಿಯುತ್ತದೆ. ಮುಟ್ಟಿ ನೋಡಿ, ಗಟ್ಟಿ ಇದ್ದರೆ ಹಾಗೇ ಮುಚ್ಚಿ.

ನಿದ್ದೆ ಅಂತ ಗೊತ್ತಾದರೆ ಕುಂಡವನ್ನು ಸಜ್ಜೆ ಕೆಳಗೆ, ನೆರಳಿಗೆ ಸರಿಸಿ, ನೀರು ನಿಲ್ಲಿಸಿ, ಹೆಸರು ಬರೆದು ಒಂದು ಚೀಟಿ ಸಿಕ್ಕಿಸಿ. ಎಲೆ ಇನ್ನೂ ಅರ್ಧ ಹಸಿರಿರುವಾಗಲೇ ಅಂದ ಕೆಡುತ್ತದೆ ಅಂತ ಕತ್ತರಿಸಬೇಡಿ, ಮುಂದಿನ ವರ್ಷದ ಹೂವಿನ ಊಟ ಆ ಎಲೆಯಿಂದಲೇ ಗೆಡ್ಡೆಗೆ ಇಳಿಯುತ್ತಿರುತ್ತದೆ. ಮತ್ತೆ ನೀರು ಶುರು ಮಾಡುವುದಕ್ಕೆ ತಾರೀಕು ನೋಡುವುದಕ್ಕಿಂತ ಮಳೆ ನಕ್ಷತ್ರ ನೋಡುವುದು ಒಳ್ಳೆಯದು. ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ನಮ್ಮವರು ಹೇಳುವುದು ಈ ಗೆಡ್ಡೆಗಳಿಗೂ ಸರಿಯಾಗಿ ಹೊಂದುತ್ತದೆ, ಏಕೆಂದರೆ ಅವು ಕಾಯುವುದೇ ಬಿಸಿಮಣ್ಣಿನ ಮೇಲೆ ಬೀಳುವ ಆ ಮೊದಲ ಹದ ಮಳೆಗೆ. ನೆಲಸಂಪಿಗೆ ಎಲೆಗಿಂತ ಮೊದಲು ಬರೀ ಹೂವನ್ನೇ ಮಣ್ಣಿನಿಂದ ಹೊರಗೆ ಹಾಕುತ್ತದೆ, ಎಲೆ ಬರಲಿಲ್ಲ ಅಂತ ಆಗ ಅಗೆದರೆ ಮೊಗ್ಗು ಮುರಿಯುತ್ತದೆ.

ಅಗ್ನಿಶಿಖೆಗೆ ಬೇರೆ ಲೆಕ್ಕ. ಅದರ ಗೆಡ್ಡೆಯಲ್ಲಿ ಮೊಳಕೆ ಬರುವುದು ತುದಿಯಿಂದ ಮಾತ್ರ. ಆ ತುದಿ ಮುರಿದಿದ್ದರೆ ಗೆಡ್ಡೆ ಎಷ್ಟೇ ಗಟ್ಟಿ ಇದ್ದರೂ ಏಳುವುದಿಲ್ಲ. ಕೊಳ್ಳುವಾಗಲೇ ತುದಿ ನೋಡಿ ತೆಗೆದುಕೊಳ್ಳಿ. ಗಿಡದ ಎಲ್ಲ ಭಾಗವೂ ವಿಷ, ಗೆಡ್ಡೆ ಇನ್ನೂ ಜಾಸ್ತಿ. ಕೈಗವಸು ಹಾಕಿ ಮುಟ್ಟಿ, ಮಕ್ಕಳು, ನಾಯಿ ಇರುವ ಮನೆಯಲ್ಲಿ ಕೈಗೆಟುಕದ ಕಡೆ ಇಡಿ.

ಬ್ಲೂಬೆಲ್ ಥರದ ಹಿಮಕಾಡಿನ ಗೆಡ್ಡೆ ಮಲಗಿ ಏಳದಿದ್ದರೆ ಕಾರಣ ಮತ್ತೆ ಅದೇ ಚಳಿ. ಪ್ರಯತ್ನ ಮಾಡಲೇಬೇಕು ಅನಿಸಿದರೆ ಸ್ವಲ್ಪ ತೇವದ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಸುತ್ತಿ, ಗಾಳಿಗೆ ತೂತಿರುವ ಕವರಿನಲ್ಲಿ ಹಾಕಿ, ಫ್ರಿಜ್‌ನ ತರಕಾರಿ ಡಬ್ಬದಲ್ಲಿ ಹನ್ನೆರಡು ವಾರ ಇಡಿ. ಅದೇ ಡಬ್ಬದಲ್ಲಿ ಸೇಬು, ಬಾಳೆಹಣ್ಣು ಇರಬಾರದು. ಹಣ್ಣಿನಿಂದ ಬರುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಹೂಮೊಗ್ಗನ್ನು ಕೆಡಿಸುತ್ತದೆ. ಡಿಸೆಂಬರ್‌ನಲ್ಲಿ ನೆಡುವಂತೆ ಹಿಂದಕ್ಕೆ ಲೆಕ್ಕ ಹಾಕಿ. ಒಂದು ವರ್ಷ ಹೂ ಬರಬಹುದು, ಆಮೇಲೆ ಗೆಡ್ಡೆ ಸಣ್ಣಗಾಗುತ್ತಾ ಹೋಗುತ್ತದೆ. ಅದು ನಿಮ್ಮ ಆರೈಕೆಯ ದೋಷವಲ್ಲ.

ಮಣ್ಣು ಒದ್ದೆ ಇದೆ, ಗಿಡ ಮಾತ್ರ ಬಾಡಿದೆ

ಮಧ್ಯಾಹ್ನ ಬಾಡಿ ಸಂಜೆ ನೆಟ್ಟಗಾದರೆ ಬಿಸಿಲಿನ ಸುಸ್ತು, ಬಿಟ್ಟುಬಿಡಿ. ಬೆಳಗ್ಗೆಯೂ ಬಾಡಿಯೇ ಇದ್ದು ಮಣ್ಣು ಒದ್ದೆ ಇದ್ದರೆ ಬೇರು ಉಸಿರುಗಟ್ಟಿದೆ. ಬೆಂಗಳೂರಿನಲ್ಲಿ ಇದು ಜೂನ್‌ಗಿಂತ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಜಾಸ್ತಿ, ನಮ್ಮ ಜೋರು ಮಳೆ ಆಗಲೇ ಬರುವುದು ಅಲ್ವಾ. ಗಿಡ ನಿದ್ದೆಗೆ ತಯಾರಾಗುವ ಹೊತ್ತಿಗೆ ಸರಿಯಾಗಿ ಕುಂಡ ತುಂಬ ನೀರು.

ಕುಂಡದ ಕೆಳಗಿನ ತಟ್ಟೆ ತೆಗೆಯಿರಿ. ಗಿಡ ಹೊರಗೆ ತೆಗೆದು ಕಪ್ಪಾದ ಬೇರು, ಕೊಳೆತ ಭಾಗವನ್ನು ಕುದಿಯುವ ನೀರಿನಲ್ಲಿ ಅದ್ದಿದ ಚಾಕುವಿನಿಂದ ಬಿಳಿ ಭಾಗ ಕಾಣುವ ತನಕ ಕತ್ತರಿಸಿ. ಗಂಧಕದ ಪುಡಿ ಹಚ್ಚಿ, ಗೆಡ್ಡೆಯ ಗಿಡವಾದರೆ ನೆರಳಲ್ಲಿ ಎರಡು ಮೂರು ದಿನ ಒಣಗಲು ಬಿಟ್ಟು, ಆಮೇಲೆ ಹೊಸ ಮಣ್ಣಿನಲ್ಲಿ ನೆಡಿ. ಹಳೆಯ ಮಣ್ಣು ಮತ್ತೆ ಬೇಡ.

ಕಾಡಿನ ನೆಲ ಅಂದರೆ ಬರೀ ಮಣ್ಣಲ್ಲ, ಅರೆಕೊಳೆತ ಎಲೆಗಳ ಪದರ. ನೀರು ಕುಡಿಯುತ್ತದೆ, ಆದರೆ ಗಾಳಿಯೂ ಆಡುತ್ತದೆ. ನಮ್ಮ ಕೆಮ್ಮಣ್ಣು ಒಂದೇ ಇದ್ದರೆ ಒದ್ದೆಯಾದಾಗ ಅಂಟು, ಒಣಗಿದಾಗ ಇಟ್ಟಿಗೆ. ಎರಡು ಭಾಗ ಎಲೆಗೊಬ್ಬರ, ಒಂದು ಭಾಗ ಕೆಮ್ಮಣ್ಣು, ಒಂದು ಭಾಗ ದಪ್ಪ ಸಿಂಡರ್ (ಕಲ್ಲಿದ್ದಲು ಸುಟ್ಟು ಉಳಿದ ಚೂರು) ಅಥವಾ ಜರಡಿ ಹಿಡಿದು ಧೂಳು ತೆಗೆದ ಎಂ-ಸ್ಯಾಂಡ್ ಹಾಕಿ. ಧೂಳು ತೆಗೆಯದ ಎಂ-ಸ್ಯಾಂಡ್ ಕುಂಡದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಅನ್ನುವುದು ಸರಿಯಲ್ಲ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಇನ್ನೂ ಹತ್ತಿರ.

ಎಲೆಗೊಬ್ಬರಕ್ಕೆ ದುಡ್ಡು ಕೊಡಬೇಡಿ. ಫೆಬ್ರವರಿ-ಮಾರ್ಚ್‌ನಲ್ಲಿ ಹೊಂಗೆ, ರೇನ್‌ಟ್ರೀ ಎಲೆ ರಸ್ತೆ ತುಂಬ ಬಿದ್ದಿರುತ್ತದೆ, ಎಷ್ಟೋ ಕಡೆ ಅದಕ್ಕೆ ಬೆಂಕಿ ಹಚ್ಚುತ್ತಾರೆ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಗೋಣಿಚೀಲಕ್ಕೆ ತುಂಬಿ, ನೀರು ಚಿಮುಕಿಸಿ, ನೆರಳಲ್ಲಿ ಇಟ್ಟು ಆಗಾಗ ತಿರುವಿ. ಮಳೆಗಾಲ ಮುಗಿಯುವಷ್ಟರಲ್ಲಿ ಕಪ್ಪಗೆ, ಮಣ್ಣಿನ ವಾಸನೆ ಬರುವ ಗೊಬ್ಬರ ಸಿಗುತ್ತದೆ. ಮಾವಿನೆಲೆ, ಸಿಲ್ವರ್ ಓಕ್ ಎಲೆ ಕೊಳೆಯಲು ತುಂಬ ತಡ. ನೀಲಗಿರಿ ಎಲೆ ಬೇಡವೇ ಬೇಡ.

ಎಲೆ ಹಳದಿ

ಯಾವ ಎಲೆ ಅನ್ನುವುದು ಮುಖ್ಯ. ಕೆಳಗಿನ ಹಳೆಯ ಎಲೆ ಒಂದೊಂದೇ ಪೂರ್ತಿ ಹಳದಿಯಾದರೆ ವಯಸ್ಸು, ಇಲ್ಲವೇ ಸಾರಜನಕದ ಕೊರತೆ, ಸ್ವಲ್ಪ ಎರೆಗೊಬ್ಬರ ಸಾಕು. ಮೇಲಿನ ಹೊಸ ಎಲೆಯೇ ಹಳದಿ, ನರ ಮಾತ್ರ ಹಸಿರು ಇದ್ದರೆ ಕಬ್ಬಿಣದ ಕೊರತೆ. ಆದರೆ ಇಲ್ಲಿ ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದ್ದು. ನೀರಿನ ಸುಣ್ಣದಂಶದಿಂದ ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣ ಬೇರಿಗೆ ಸಿಗುತ್ತಿಲ್ಲ.

ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿದೆಯಾ ನೋಡಿ. ಅದರ ಮೇಲೆ ನಿಂಬೆರಸ ಒಂದೆರಡು ಹನಿ ಬಿಡಿ. ಬುರಬುರ ನೊರೆ ಬಂದರೆ ಸುಣ್ಣ, ಅಂದರೆ ಗಡಸು ಬೋರ್‌ವೆಲ್ ನೀರು. ಈಗ ನಿಮ್ಮ ನೀರು ಎಲ್ಲಿಂದ ಬರುತ್ತದೆ ಅಂತ ವಿಚಾರಿಸಿ. ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬೆರೆಯುವ ಮನೆಗಳೇ ಜಾಸ್ತಿ, ಹಾಗಾಗಿ ಬೇಸಿಗೆಯಲ್ಲಿ ಮಾತ್ರ ಗಿಡ ಹಳದಿಯಾಗುವುದೂ ಉಂಟು. ಅಪಾರ್ಟ್‌ಮೆಂಟಿನಲ್ಲಿ ಸಾಫ್ಟ್‌ನರ್ ಇದೆ, ನಮ್ಮ ನೀರು ಮೆದು ಅಂತ ಸಮಾಧಾನ ಪಡಬೇಡಿ. ಉಪ್ಪು ಬಳಸುವ ಸಾಫ್ಟ್‌ನರ್ ಸುಣ್ಣದಂಶ ತೆಗೆದು ಸೋಡಿಯಂ ಬಿಡುತ್ತದೆ, ಕಾಡಿನ ಗಿಡಗಳಿಗೆ ಅದು ಸುಣ್ಣಕ್ಕಿಂತ ಕೆಟ್ಟದ್ದು. ಆರ್‌ಒ ಫಿಲ್ಟರ್‌ನಿಂದ ಹೊರಬರುವ ವೇಸ್ಟ್ ನೀರಿನಲ್ಲಿ ಲವಣ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ನೆಲ ಒರೆಸಲು ಬಳಸಿ, ಬಿಗೋನಿಯಾ, ವಯೊಲೆಟ್‌ಗೆ ಹಾಕಬೇಡಿ. ಎಲೆಯ ತುದಿ ಕಂದಾಗಿ ಸುಟ್ಟಂತೆ ಇದ್ದರೆ ಈ ಎರಡರಲ್ಲಿ ಒಂದನ್ನು ಮೊದಲು ಅನುಮಾನಿಸಿ. ತೊಳೆಯದ ಕೋಕೋಪೀಟ್‌ನಲ್ಲೂ ಉಪ್ಪಿರುತ್ತದೆ, ಎರಡು ಮೂರು ಸಲ ನೆನೆಸಿ ಹಿಂಡಿ ಬಳಸಿ.

ಪರಿಹಾರ ಮಳೆನೀರು. ಒಂದು ಡ್ರಮ್ ಹಿಡಿದಿಟ್ಟರೆ ಸಾಕು. ಜೋರು ಮಳೆಗೆ ಕುಂಡವನ್ನು ಒಮ್ಮೆ ಹೊರಗಿಟ್ಟರೆ ಕಟ್ಟಿದ ಲವಣವೂ ತೊಳೆದುಹೋಗುತ್ತದೆ. ಕಬ್ಬಿಣ ಕೊಡಲೇಬೇಕಾದರೆ ಇಡಿಡಿಎಚ್‌ಎ ಅಂತ ಬರೆದಿರುವ ಚೀಲೇಟೆಡ್ ಐರನ್ ಕೇಳಿ, ಕ್ಷಾರ ಮಣ್ಣಿನಲ್ಲಿ ಕೆಲಸ ಮಾಡುವುದು ಅದು. ಇಡಿಟಿಎ ಆದರೆ ಅಲ್ಲಿ ಬೇಗ ನಿಷ್ಪ್ರಯೋಜಕವಾಗುತ್ತದೆ. ಹೊಸ ಮನೆಯ ಪಕ್ಕದ ನೆಲದಲ್ಲಿ ಮಾತ್ರ ಹೀಗಾಗುತ್ತಿದ್ದರೆ ಒಂದಡಿ ಅಗೆದು ನೋಡಿ, ಸಿಮೆಂಟ್, ಗಾರೆ ಚೂರು ಸಿಗುತ್ತದೆ. ಅದನ್ನು ತೆಗೆಯದೆ ಯಾವ ಮದ್ದೂ ನಾಟುವುದಿಲ್ಲ.

ಎಲೆ ಮೇಲೆ ಸುಟ್ಟ ಕಲೆ

ಉತ್ತರದ ಬಾಲ್ಕನಿ ಅಂದರೆ ನೆರಳು ಅಂತ ನಂಬಿ ಗಿಡ ಇಟ್ಟವರಿಗೆ ಮೇ ತಿಂಗಳಲ್ಲಿ ಈ ತೊಂದರೆ ಬರುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಶೂನ್ಯ ನೆರಳಿನ ದಿನ, ಸೂರ್ಯ ನೆತ್ತಿಯ ಮೇಲೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನ ತನಕ ನಡುಮಧ್ಯಾಹ್ನದ ಸೂರ್ಯ ಉತ್ತರಕ್ಕೇ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಕುಂಡ ಗೋಡೆಯ ಹತ್ತಿರ ಸರಿಸಿ, ಇಲ್ಲವೇ ಶೇಡ್ ನೆಟ್ ಕಟ್ಟಿ. ಎಷ್ಟು ಬೆಳಕು ಸರಿ ಅಂತ ತಿಳಿಯಲು ಮಧ್ಯಾಹ್ನ ಎಲೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ನೆರಳು ಮಸುಕಾಗಿ ಬಿದ್ದರೆ ಹದ, ಬೆರಳು ಬೆರಳೂ ಸ್ಪಷ್ಟ ಕಂಡರೆ ಬಿಸಿಲು ಜಾಸ್ತಿ, ನೆರಳೇ ಇಲ್ಲವಾದರೆ ಕತ್ತಲು ಜಾಸ್ತಿ. ಆಫ್ರಿಕನ್ ವಯೊಲೆಟ್ ಎಲೆಯಲ್ಲಿ ತಿಳಿ ಬಣ್ಣದ ಉಂಗುರಗಳಿದ್ದರೆ ಅದು ಬಿಸಿಲಲ್ಲ, ಎಲೆ ಮೇಲೆ ತಣ್ಣೀರು ಬಿದ್ದದ್ದು.

ಎಲೆ ಸೊಂಪಾಗಿದೆ, ಹೂ ಇಲ್ಲ

ಮೇಲಿನ ಕೈನೆರಳಿನ ಪರೀಕ್ಷೆ ಮೊದಲು ಮಾಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ.

ಉಳಿದದ್ದು ವಿಶ್ರಾಂತಿಯ ವಿಷಯ. ಕ್ಲೈವಿಯಾಕ್ಕೆ ನವೆಂಬರ್ ಕೊನೆಯಿಂದ ಆರರಿಂದ ಎಂಟು ವಾರ ಮನೆಯ ಅತಿ ತಂಪು ಜಾಗ ಮತ್ತು ಬಹಳ ಕಡಿಮೆ ನೀರು ಬೇಕು. ಹೂವಿನ ದಂಟು ಮೇಲೆ ಬರದೆ ಎಲೆಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಅರಳಿದರೆ ತಂಪು ಸಾಲಲಿಲ್ಲ ಅಂತ ಅರ್ಥ. ಯೂಕ್ಯಾರಿಸ್‌ಗೆ ಎಲೆ ಚೂರು ಜೋತುಬೀಳುವ ತನಕ ಮೂರು ನಾಲ್ಕು ವಾರ ನೀರು ಬಿಗಿಹಿಡಿದು, ಆಮೇಲೆ ಧಾರಾಳವಾಗಿ ಕೊಡಿ, ಮೊಗ್ಗು ಬರುತ್ತದೆ. ಪೂರ್ತಿ ಒಣಗಿಸಬೇಡಿ. ಸ್ಕಾಡೋಕ್ಸಸ್ ಹೂಬಿಡದಿದ್ದರೆ ಈ ವರ್ಷದ ಗೊಬ್ಬರ ಬೈಯಬೇಡಿ. ಮೊಗ್ಗು ಹಿಂದಿನ ಮಳೆಗಾಲದಲ್ಲೇ ಗೆಡ್ಡೆಯೊಳಗೆ ತಯಾರಾಗಿರುತ್ತದೆ, ಆಗ ಎಲೆಗೆ ಬೆಳಕು ಸಿಕ್ಕಿತ್ತಾ ಅನ್ನುವುದೇ ಪ್ರಶ್ನೆ.

ತೂತು, ಕಚ್ಚಿದ ಗುರುತು

ಲಿಲಿ ಜಾತಿಯ ಎಲೆ ತುದಿಯಿಂದ ಬುಡದ ತನಕ ಒಂದೆರಡು ರಾತ್ರಿಯಲ್ಲಿ ಖಾಲಿಯಾದರೆ ಲಿಲಿ ಪತಂಗದ ಹುಳು. ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕೆ ಇರುತ್ತದೆ, ಅಗ್ನಿಶಿಖೆಯ ವಿಷವನ್ನೂ ಲೆಕ್ಕಿಸದೆ ತಿನ್ನುತ್ತದೆ. ಎಲೆಯ ಅಡಿಯಲ್ಲಿ ಗುಂಪಾಗಿ ಮೊಟ್ಟೆ ಇಟ್ಟಾಗಲೇ ಒರೆಸಿ ತೆಗೆದರೆ ಕೆಲಸ ಮುಗಿಯಿತು.

ಅಡ್ಡಾದಿಡ್ಡಿ ದೊಡ್ಡ ತೂತು, ಪಕ್ಕದಲ್ಲಿ ಒಣಗಿದ ಲೋಳೆಯ ಗೆರೆ ಇದ್ದರೆ ಬಸವನಹುಳು. ಮಳೆಗಾಲದಲ್ಲಿ ದೊಡ್ಡ ಆಫ್ರಿಕನ್ ಬಸವನಹುಳು ಒಂದೇ ಬಂದರೂ ಬಿಗೋನಿಯಾ ಸಸಿಯ ಟ್ರೇ ಬೆಳಗಾಗುವಷ್ಟರಲ್ಲಿ ಬೋಳು. ಸಂಜೆ ಒದ್ದೆ ಗೋಣಿಚೀಲ ಹಾಸಿ, ಮೇಲೆ ಪಪ್ಪಾಯಿ ಸಿಪ್ಪೆ ಹರಡಿ. ಬೆಳಗ್ಗೆ ಅದರ ಕೆಳಗೆ ಸೇರಿರುತ್ತವೆ. ಬರಿಗೈಲಿ ಮುಟ್ಟಬೇಡಿ, ಮನುಷ್ಯರಿಗೂ ತಗಲುವ ಪರೋಪಜೀವಿ ಅದರಲ್ಲಿರಬಹುದು. ಇಕ್ಕಳದಿಂದ ಎತ್ತಿ ಉಪ್ಪುನೀರಿನ ಬಕೆಟ್‌ಗೆ ಹಾಕಿ. ಉಪ್ಪನ್ನು ಕುಂಡದ ಸುತ್ತ ಮಾತ್ರ ಎರಚಬೇಡಿ, ಮಳೆಗೆ ಕರಗಿ ಬೇರಿಗೇ ಇಳಿಯುತ್ತದೆ.